ಸೇವ್ ಮಾಡಿದ ಲೆಕ್ಕ ಎಲ್ಲಿ ಹೋಯಿತು? ಮೊಬೈಲ್ ಆಪ್‌ನ ಫೈಲ್ ದೋಷ ನಿವಾರಣೆ ಕೈಪಿಡಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜಿನ ಹೊತ್ತಿಗೆ ನೆಟ್‌ವರ್ಕ್ ನಂಬಿಕೊಂಡು ಲೆಕ್ಕ ಬರೆಯಲು ಆಗುವುದಿಲ್ಲ. ಒಂದು ಲಾಟ್ ಕೂಗಿ ಮುಗಿಯುವಷ್ಟರಲ್ಲಿ ರೈತನ ಹೆಸರು, ಬಾಕ್ಸ್ ಎಷ್ಟು, ದರ ಎಷ್ಟು, ಮೂರೂ ದಾಖಲಾಗಿರಬೇಕು. ಹಾಲಿನ ಸಂಘದಲ್ಲೂ ಬೆಳಿಗ್ಗೆ, ಸಂಜೆ ಅದೇ ಆತುರ. ಅದಕ್ಕೇ ಇಲ್ಲಿ ಬಳಕೆಯಲ್ಲಿರುವ ಸಣ್ಣಪುಟ್ಟ ಲೆಕ್ಕದ ಆಪ್‌ಗಳು ಮೊದಲು ಫೋನಿನಲ್ಲೇ ಬರೆದಿಟ್ಟು, ಆಮೇಲೆ ಪಟ್ಟಿ ತೆಗೆದುಕೊಡುತ್ತವೆ. ಆ ಬರೆದಿಟ್ಟದ್ದು ಸಿಗದಿದ್ದರೆ ರೈತನಿಗೆ ಕೊಡಬೇಕಾದ ದುಡ್ಡಿಗೆ ಆಧಾರವೇ ಇರುವುದಿಲ್ಲ.

ಈ ಕೈಪಿಡಿ ಇಂಥ ಆಪ್ ಬರೆದುಕೊಡುವವರಿಗೆ ಮತ್ತು ಮಂಡಿಯಲ್ಲೋ ಸಂಘದಲ್ಲೋ ಅದನ್ನು ನೋಡಿಕೊಳ್ಳುವವರಿಗೆ. ಹೆಚ್ಚಿನದೆಲ್ಲ ಆಂಡ್ರಾಯ್ಡ್ ಬಗ್ಗೆ. ಕಣ್ಣಿಗೆ ಬೀಳುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮುಂದಿನ ಭಾಗವನ್ನು ಮಾತ್ರ ಯಾರೂ ಬಿಡಬಾರದು.

ಏನೇ ಆಗಿರಲಿ, ಮೊದಲು ಇವನ್ನು ಮುಟ್ಟಬೇಡಿ

"ಒಂದ್ಸಲ ಅನ್‌ಇನ್‌ಸ್ಟಾಲ್ ಮಾಡಿ ಹಾಕಿ ನೋಡಿ" ಎಂಬ ಸಲಹೆ ಪಕ್ಕದಲ್ಲಿ ನಿಂತವರೆಲ್ಲ ಕೊಡುತ್ತಾರೆ. ಡೇಟಾ ಶಾಶ್ವತವಾಗಿ ಹೋಗುವುದು ಬಹುಪಾಲು ಆ ಸಲಹೆಯಿಂದಲೇ, ಮೂಲ ದೋಷದಿಂದಲ್ಲ. ಅನ್‌ಇನ್‌ಸ್ಟಾಲ್ ಮಾಡಿದ ಕ್ಷಣ ಆಪ್‌ನ ಸ್ವಂತ ಫೋಲ್ಡರ್ ಪೂರ್ತಿ ಅಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕ್ಲಿಯರ್ ಡೇಟಾ ಅಥವಾ ಕ್ಲಿಯರ್ ಸ್ಟೋರೇಜ್ ಒತ್ತಿದರೂ ಅಷ್ಟೇ. ಕ್ಲಿಯರ್ ಕ್ಯಾಶ್ ಒತ್ತಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಬರೆದವರು ಲೆಕ್ಕವನ್ನೇ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳ) ಫೋಲ್ಡರ್‌ನಲ್ಲಿ ಇಟ್ಟಿದ್ದರೆ ಅದೂ ಹೋಯಿತು. ಫೋನ್ ಸ್ವಚ್ಛ ಮಾಡುವ ಕ್ಲೀನರ್ ಆಪ್‌ಗಳನ್ನೂ ದೂರವಿಡಿ.

ಅಳಿಸಿಹೋದದ್ದನ್ನು ರಿಕವರಿ ಆಪ್ ಎತ್ತಿಕೊಡುತ್ತದೆ ಎಂಬ ಭರವಸೆ ಬೇಡ. ಈಗಿನ ಫೋನುಗಳಲ್ಲಿ ಫೈಲ್‌ಗಳು ಎನ್‌ಕ್ರಿಪ್ಟ್ ಆಗಿರುತ್ತವೆ. ಅಳಿದ ಆಪ್‌ನ ಒಳ ಫೋಲ್ಡರ್ ಹಾಗೆ ಮರಳಿ ಬರುವುದಿಲ್ಲ.

ಪರದೆಯ ಮೇಲೆ ಇನ್ನೂ ಏನಾದರೂ ಕಾಣುತ್ತಿದ್ದರೆ ಪುಟಪುಟವನ್ನೂ ಸ್ಕ್ರೀನ್‌ಶಾಟ್ ತೆಗೆಯಿರಿ. ಎಕ್ಸ್‌ಪೋರ್ಟ್ ಗುಂಡಿ ಕೆಲಸ ಮಾಡುತ್ತಿದ್ದರೆ ಒಂದು ಪ್ರತಿ ತೆಗೆದು ಬೇರೆ ಫೋನಿಗೆ ಕಳಿಸಿ. ಆಮೇಲೆ ಹೊಸ ಎಂಟ್ರಿ ನಿಲ್ಲಿಸಿ, ಕಾಗದದ ಚೀಟಿಗೆ ಇಳಿಯಿರಿ. ಹಾಳಾದ ಫೈಲ್ ಮೇಲೆ ಆಪ್ ಇನ್ನೊಮ್ಮೆ ಬರೆದರೆ ಉಳಿದದ್ದೂ ಹೋಗುತ್ತದೆ.

ಸೇವ್ ಆಯಿತು ಅನ್ನುತ್ತದೆ, ಫೈಲ್ ಎಲ್ಲೂ ಕಾಣುವುದಿಲ್ಲ

ಕೇಳಿಬರುವ ದೂರುಗಳಲ್ಲಿ ಇದೇ ಹೆಚ್ಚು. ಇದರಲ್ಲಿ ಡೇಟಾ ನಿಜವಾಗಿ ಕಳೆದಿರುವುದು ಅಪರೂಪ.

ಫೋನಿನ ಫೈಲ್ಸ್ ಆಪ್ ತೆರೆದು ಡೌನ್‌ಲೋಡ್ಸ್‌ಗೆ ಹೋಗಿ, ತಾರೀಖಿನ ಪ್ರಕಾರ ಜೋಡಿಸಿ ಮೇಲಿನ ನಾಲ್ಕೈದು ಫೈಲ್ ನೋಡಿ. ಅಲ್ಲಿಲ್ಲದಿದ್ದರೆ ಹೆಸರಿನ ಒಂದು ತುಂಡು ಹಾಕಿ ಹುಡುಕಿ. ಫೋನಿನಲ್ಲಿ ಡ್ಯುಯಲ್ ಆಪ್ ಅಥವಾ ವರ್ಕ್ ಪ್ರೊಫೈಲ್ ಇದ್ದರೆ ಒಂದೇ ಆಪ್‌ನ ಎರಡು ಪ್ರತಿಗಳಿರುತ್ತವೆ, ಎರಡರ ಡೇಟಾ ಬೇರೆಬೇರೆ. ಐಕಾನ್ ಮೇಲೆ ಸಣ್ಣ ಗುರುತಿದೆಯೇ ನೋಡಿ. ನಿನ್ನೆ ಒಂದರಲ್ಲಿ ಬರೆದು ಇವತ್ತು ಇನ್ನೊಂದನ್ನು ತೆರೆದು "ಎಲ್ಲ ಖಾಲಿ" ಅನ್ನುವುದು ಉಂಟು.

ಅಲ್ಲೂ ಸಿಗದಿದ್ದರೆ ಆಪ್ ಎಲ್ಲಿ ಬರೆಯುತ್ತಿದೆ ಎಂದು ತಿಳಿಯಬೇಕು. ಜಾಗಗಳು ಮೂರು. ಒಂದು, ಆಪ್‌ನ ಒಳಮನೆ. ಕೋಡ್‌ನಲ್ಲಿ ಇದಕ್ಕೆ ಫೈಲ್ಸ್‌ಡೈರ್ ಎನ್ನುತ್ತಾರೆ. ಇಲ್ಲಿನದು ಬೇರೆ ಯಾವ ಆಪ್‌ಗೂ, ಫೈಲ್ ಮ್ಯಾನೇಜರ್‌ಗೂ ಕಾಣಬಾರದೆಂದೇ ಮಾಡಿರುವುದು. ಕಾಣದಿರುವುದು ದೋಷವಲ್ಲ. ಎರಡು, ಹೊರ ಸ್ಟೋರೇಜ್‌ನಲ್ಲಿ ಆಂಡ್ರಾಯ್ಡ್ ಎಂಬ ಫೋಲ್ಡರ್ ಒಳಗೆ ಡೇಟಾ, ಅದರೊಳಗೆ ಆಪ್‌ನ ಪ್ಯಾಕೇಜ್ ಹೆಸರಿನ ಫೋಲ್ಡರ್. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಫೈಲ್ ಮ್ಯಾನೇಜರ್‌ಗಳು ಇದನ್ನು ಸಾಮಾನ್ಯವಾಗಿ ತೆರೆಯಲಾರವು. ಹಳೆ ಫೋನಿನಲ್ಲಿ ಕಾಣುತ್ತಿದ್ದ ಫೈಲ್ ಹೊಸ ಫೋನಿನಲ್ಲಿ "ಮಾಯ"ವಾಗುವುದು ಇದರಿಂದ. ಕೇಬಲ್ ಹಾಕಿ ಕಂಪ್ಯೂಟರ್‌ನಿಂದ ನೋಡಿದರೆ ಬಹಳಷ್ಟು ಫೋನ್‌ಗಳಲ್ಲಿ ಸಿಗುತ್ತದೆ. ಮೂರು, ಎಲ್ಲರಿಗೂ ಕಾಣುವ ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್. ಮೊದಲ ಎರಡೂ ಅನ್‌ಇನ್‌ಸ್ಟಾಲ್ ಜೊತೆಗೇ ಅಳಿಯುತ್ತವೆ, ಮೂರನೆಯದು ಉಳಿಯುತ್ತದೆ.

ಆಪ್ ಬರೆಯುವವರು ಇಲ್ಲಿ ಒಂದು ನಿಯಮ ಇಟ್ಟುಕೊಳ್ಳಬೇಕು. ದಿನದ ಎಂಟ್ರಿ ಒಳಮನೆಯಲ್ಲಿರಲಿ. ರೈತನಿಗೆ ಕೊಡುವ ಪಟ್ಟಿ, ಬ್ಯಾಕಪ್ ಫೈಲ್ ಇತ್ಯಾದಿ ಎಲ್ಲರಿಗೂ ಕಾಣುವ ಜಾಗದಲ್ಲಿರಲಿ. ಅದಕ್ಕೆ ಕ್ರಿಯೇಟ್ ಡಾಕ್ಯುಮೆಂಟ್ ಇಂಟೆಂಟ್ ಬಳಸಿ ಜಾಗವನ್ನು ಬಳಕೆದಾರರೇ ಆರಿಸುವಂತೆ ಮಾಡಬಹುದು. ಆಂಡ್ರಾಯ್ಡ್ 10 ಮತ್ತು ಮೇಲಿನದಾದರೆ ಮೀಡಿಯಾಸ್ಟೋರ್ ಮೂಲಕ ನೇರ ಡೌನ್‌ಲೋಡ್ಸ್‌ಗೆ ಬರೆಯಬಹುದು. ಎರಡಕ್ಕೂ ಸ್ಟೋರೇಜ್ ಅನುಮತಿ ಕೇಳಬೇಕಿಲ್ಲ.

ಇನ್ನೊಂದು ಕಾರಣ ಕೋಡ್‌ನೊಳಗೆ ಅಡಗಿರುತ್ತದೆ. "ಸೇವ್ ಆಯಿತು" ಎಂಬ ಸಂದೇಶವನ್ನು ಬರೆಯಲು ಶುರು ಮಾಡಿದಾಗಲೇ ತೋರಿಸಿಬಿಡುವುದು, ಅಥವಾ ದೋಷ ಬಂದರೂ ಬರದಿದ್ದರೂ ತೋರಿಸುವುದು. ಪರೀಕ್ಷೆ ಸುಲಭ: ಸ್ಟೋರೇಜ್ ತುಂಬಿದ ಫೋನಿನಲ್ಲೂ ಅದೇ ಸಂದೇಶ ಬರುತ್ತದೆಯೇ ನೋಡಿ. ಬಂದರೆ ಆ ಸಂದೇಶ ಸುಳ್ಳು. ಫೈಲ್ ಮುಚ್ಚಿ, ಗಾತ್ರ ಸೊನ್ನೆಗಿಂತ ಹೆಚ್ಚಿದೆ ಎಂದು ನೋಡಿದ ಮೇಲಷ್ಟೇ ಸಂದೇಶ ತೋರಿಸಬೇಕು.

ಸೇವ್ ಒತ್ತಿದ ತಕ್ಷಣ ದೋಷ ಬರುತ್ತದೆ

ಮೊದಲು ಜಾಗ ನೋಡಿ. ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ 1 ಜಿಬಿಗಿಂತ ಕಡಿಮೆ ಉಳಿದಿದ್ದರೆ ವಾಟ್ಸಾಪ್‌ನ ವಿಡಿಯೊಗಳನ್ನು ಅಳಿಸಿ, ಮತ್ತೆ ಸೇವ್ ಮಾಡಿ. "ನೋ ಸ್ಪೇಸ್ ಲೆಫ್ಟ್" ಎಂಬ ಸಾಲು ಲಾಗ್‌ನಲ್ಲಿದ್ದರೆ ಕಾರಣ ಇದೇ.

"ಪರ್ಮಿಷನ್ ಡಿನೈಡ್" ಬಂದರೆ ಆಂಡ್ರಾಯ್ಡ್ ಆವೃತ್ತಿ ಕೇಳಿ. ಆಂಡ್ರಾಯ್ಡ್ 9ರ ಫೋನಿನಲ್ಲಿ ಓಡುವ ಆಪ್ 11 ಅಥವಾ 13ರಲ್ಲಿ ನಿಂತರೆ ಅದು ಸ್ಕೋಪ್ಡ್ ಸ್ಟೋರೇಜ್ ನಿಯಮ, ಅಂದರೆ ಆಪ್ ತನ್ನ ಜಾಗದಾಚೆ ಮನಬಂದಂತೆ ಬರೆಯದಂತೆ ಆಂಡ್ರಾಯ್ಡ್ ಹಾಕಿದ ತಡೆ. ಟಾರ್ಗೆಟ್ (ಯಾವ ಆಂಡ್ರಾಯ್ಡ್‌ಗೆಂದು ಆಪ್ ಕಟ್ಟಿದೆ ಎಂಬ ಎಸ್‌ಡಿಕೆ ಸಂಖ್ಯೆ) 30 ಆದ ಆಪ್ ಆಂಡ್ರಾಯ್ಡ್ 11ರಲ್ಲಿ ಹಳೆಯ ರೈಟ್ ಅನುಮತಿ ಪಡೆದರೂ ಹೊರಗೆ ಮನಬಂದಲ್ಲಿ ಬರೆಯಲಾಗದು. ಮ್ಯಾನಿಫೆಸ್ಟ್‌ನಲ್ಲಿ ಹಾಕುವ ಲೆಗಸಿ ಸ್ಟೋರೇಜ್ ಸಾಲೂ ಅಲ್ಲಿ ಲೆಕ್ಕಕ್ಕಿಲ್ಲ. ಟಾರ್ಗೆಟ್ 33 ಆದರೆ ಆಂಡ್ರಾಯ್ಡ್ 13ರಲ್ಲಿ ಹಳೆಯ ರೀಡ್ ಅನುಮತಿಯೂ ಕೆಲಸಕ್ಕೆ ಬಾರದು. ಬಳಕೆದಾರರಿಗೆ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಿ ಎಂದು ಹೇಳಿ ಫಲವಿಲ್ಲ, ಬರೆಯುವ ಜಾಗವನ್ನೇ ಬದಲಿಸಬೇಕು.

"ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಬಂದರೆ ಫೈಲ್ ಹೆಸರಿನಲ್ಲಿ ತಾರೀಖು ಹೇಗಿದೆ ನೋಡಿ. ನಾವು ಕೈಯಲ್ಲಿ ಬರೆಯುವಂತೆ 12/06/2025 ಎಂದು ಹೆಸರಿಟ್ಟರೆ ಆ ಓರೆಗೆರೆ ಫೋನಿಗೆ ಫೋಲ್ಡರ್‌ನ ಗಡಿ. 12 ಎಂಬ ಫೋಲ್ಡರ್, ಅದರಲ್ಲಿ 06 ಎಂಬ ಫೋಲ್ಡರ್ ಹುಡುಕಿ, ಸಿಗದೆ ಕೈಚೆಲ್ಲುತ್ತದೆ. 2025-06-12 ಎಂದಿಡಿ. ಹೆಸರಿನ ಪ್ರಕಾರ ಜೋಡಿಸಿದಾಗ ದಿನಗಳೂ ಸಾಲಾಗಿ ಬರುತ್ತವೆ. ಸಮಯದ ನಡುವಿನ ಕೋಲನ್ ಕೂಡ ಬೇಡ, ಎಸ್‌ಡಿ ಕಾರ್ಡ್ ಅದನ್ನು ಒಪ್ಪುವುದಿಲ್ಲ.

"ಫೈಲ್ ನೇಮ್ ಟೂ ಲಾಂಗ್" ಎಂಬುದು ಇಂಗ್ಲಿಷ್ ಹೆಸರಿಡುವವರಿಗೆ ಸಾಮಾನ್ಯವಾಗಿ ಬಾರದ ದೋಷ, ಕನ್ನಡಕ್ಕೆ ಬರುತ್ತದೆ. ಹೆಸರಿನ ಮಿತಿ 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಅಕ್ಷರ, ಒತ್ತು ಕೊಡುವ ವಿರಾಮ, ಗುಣಿತದ ಚಿಹ್ನೆ ಎಲ್ಲವೂ ಬೇರೆಬೇರೆ ಸಂಕೇತಗಳು. "ಶ್ರೀನಿವಾಸಪುರ" ಕಣ್ಣಿಗೆ 6 ಅಕ್ಷರ, ಒಳಗೆ 12 ಸಂಕೇತ, ಒಟ್ಟು 36 ಬೈಟ್. ಸಂಘದ ಪೂರ್ಣ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು ಎಲ್ಲ ಸೇರಿಸಿ ಫೈಲ್‌ಗೆ ಹೆಸರಿಟ್ಟರೆ ಮಿತಿ ದಾಟುವುದು ಕಷ್ಟವೇನಲ್ಲ. ಫೈಲ್‌ಗೆ ಸಂಖ್ಯೆಯ ಹೆಸರು ಕೊಟ್ಟು, ಪೂರ್ಣ ಹೆಸರನ್ನು ಒಳಗೆ ಬರೆಯಿರಿ.

ಫೋನ್ ರೀಸ್ಟಾರ್ಟ್ ಆದ ಮೇಲೆ ಮಾತ್ರ ಓದಲಾಗದೆ ನಿಂತರೆ, ಬಳಕೆದಾರರು ಆರಿಸಿಕೊಟ್ಟ ಫೈಲ್‌ನ ಅನುಮತಿ ಆ ಹೊತ್ತಿಗಷ್ಟೇ ಸಿಕ್ಕಿತ್ತು ಎಂದರ್ಥ. ಟೇಕ್ ಪರ್ಸಿಸ್ಟಬಲ್ ಯುಆರ್‌ಐ ಪರ್ಮಿಷನ್ ಕರೆದಿರಬೇಕು.

ನಿನ್ನೆ ಇತ್ತು, ಬೆಳಿಗ್ಗೆ ನೋಡಿದರೆ ಖಾಲಿ

ಮೊದಲು ಕೇಳಬೇಕಾದ ಪ್ರಶ್ನೆ: ರಾತ್ರಿಯಿಂದ ಬೆಳಿಗ್ಗೆಯೊಳಗೆ ಏನಾಯಿತು?

ಆಪ್ ಅಪ್‌ಡೇಟ್ ಆಗಿದ್ದರೆ ಡೇಟಾಬೇಸ್ ಆವೃತ್ತಿ ಬದಲಾಗಿರಬಹುದು. ರೂಮ್ ಎಂಬ ಡೇಟಾಬೇಸ್ ಲೈಬ್ರರಿ ಬಳಸುವವರು ಬರೆಯುವಾಗ ಅನುಕೂಲಕ್ಕೆಂದು ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಷನ್ ಎಂಬ ಸಾಲು ಹಾಕಿ, ಬಿಡುಗಡೆಯಲ್ಲೂ ಹಾಗೇ ಉಳಿಸಿಬಿಡುತ್ತಾರೆ. ಹಳೆ ಕೋಷ್ಟಕದಿಂದ ಹೊಸದಕ್ಕೆ ದಾರಿ ಬರೆದಿಲ್ಲದಿದ್ದರೆ ಆ ಸಾಲು ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡುತ್ತದೆ. ಜನರ ದುಡ್ಡಿನ ಲೆಕ್ಕ ಇಡುವ ಆಪ್‌ನಲ್ಲಿ ಈ ಸಾಲು ಇರಲೇಬಾರದು. ಅಪ್‌ಡೇಟ್ ಕಳಿಸಿದ ದಿನವೇ ಇದು ಕಂಡುಬಂದರೆ ಉಳಿದ ಫೋನ್‌ಗಳಲ್ಲಿ ಅಪ್‌ಡೇಟ್ ತಕ್ಷಣ ತಡೆಯಿರಿ.

ವಾಟ್ಸಾಪ್‌ನಲ್ಲಿ ಎಪಿಕೆ (ಆಪ್ ಇನ್‌ಸ್ಟಾಲ್ ಮಾಡುವ ಫೈಲ್) ಕಳಿಸಿ ಹಾಕಿಸುವ ರೂಢಿ ನಮ್ಮಲ್ಲಿ ಜೋರು. ಬೇರೆ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ ಎಪಿಕೆಯ ಸೈನಿಂಗ್ ಕೀ (ಬರೆದವರ ಡಿಜಿಟಲ್ ಸಹಿಯ ಕೀಲಿ) ಬೇರೆಯಾಗಿದ್ದರೆ "ಆಪ್ ನಾಟ್ ಇನ್‌ಸ್ಟಾಲ್ಡ್" ಎನ್ನುತ್ತದೆ. ಆಗ ಬಳಕೆದಾರರು ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಾರೆ, ಲೆಕ್ಕವೂ ಅದರ ಜೊತೆ ಹೋಗುತ್ತದೆ. ಒಂದೇ ಬಿಡುಗಡೆ ಕೀ ಇಟ್ಟುಕೊಂಡು, ಅದರ ಎರಡು ಪ್ರತಿಗಳನ್ನು ಎರಡು ಜಾಗದಲ್ಲಿ ಜೋಪಾನ ಮಾಡಿ.

ಏನೂ ಅಪ್‌ಡೇಟ್ ಆಗಿಲ್ಲ, ಫೋನಿನ ಸ್ಟೋರೇಜ್ ಮಾತ್ರ ತುಂಬುತ್ತಾ ಬಂದಿತ್ತು ಎಂದರೆ ಕ್ಯಾಶ್ ಫೋಲ್ಡರ್ ಮೇಲೆ ಸಂಶಯಪಡಿ. ಜಾಗ ಕಡಿಮೆಯಾದಾಗ ಆಂಡ್ರಾಯ್ಡ್ ಕೇಳದೆಯೇ ಅದನ್ನು ಖಾಲಿ ಮಾಡುತ್ತದೆ.

ಕಡೆಯ ಕೆಲವು ಎಂಟ್ರಿಗಳಷ್ಟೇ ಹೋಗಿದ್ದರೆ ಕಾರಣ ಬೇರೆ. ಆಪ್ ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಂಡು, ಮುಚ್ಚುವಾಗ ಆನ್‌ಡಿಸ್ಟ್ರಾಯ್‌ನಲ್ಲಿ ಬರೆಯುತ್ತಿರಬಹುದು. ರೀಸೆಂಟ್ಸ್‌ನಿಂದ ಆಪ್ ತಳ್ಳಿದರೆ, ಅಥವಾ ಬ್ಯಾಟರಿ ಉಳಿಸಲು ಫೋನೇ ಅದನ್ನು ನಿಲ್ಲಿಸಿದರೆ ಆನ್‌ಡಿಸ್ಟ್ರಾಯ್ ಓಡುತ್ತದೆಂಬ ಖಾತರಿ ಇಲ್ಲ. ಒಂದು ಲಾಟ್ ಮುಗಿದ ತಕ್ಷಣ ಆ ಸಾಲು ಡಿಸ್ಕ್‌ಗೆ ಹೋಗಬೇಕು. ರಿಯಾಕ್ಟ್ ನೇಟಿವ್‌ನ ಏಸಿಂಕ್ ಸ್ಟೋರೇಜ್ ಬಳಸಿದ್ದರೆ ಆಂಡ್ರಾಯ್ಡ್‌ನಲ್ಲಿ ಅದರ ಒಟ್ಟು ಮಿತಿ ಡಿಫಾಲ್ಟ್ ಆಗಿ 6 ಎಂಬಿ ಎಂಬುದು ನೆನಪಿರಲಿ. ಸೀಸನ್ ನಡುವೆ ಎಂಟ್ರಿ ನಿಂತುಹೋದರೆ ಈ ಗೋಡೆಗೆ ತಾಗಿದೆಯೇ ನೋಡಿ.

ಗೂಗಲ್ ಬ್ಯಾಕಪ್ ಕಾಪಾಡುತ್ತದೆಯೇ? ಆಂಡ್ರಾಯ್ಡ್ 6ರಿಂದ ಆಟೊ ಬ್ಯಾಕಪ್ ಇದೆ, ಆಪ್ ಒಂದಕ್ಕೆ 25 ಎಂಬಿ ಮಿತಿ. ಆದರೆ ಅದು ಓಡಬೇಕಾದರೆ ಹಿಂದಿನ ಬ್ಯಾಕಪ್ ಆಗಿ 24 ಗಂಟೆ ಕಳೆದಿರಬೇಕು, ಫೋನ್ ಸುಮ್ಮನಿರಬೇಕು, ಮೊಬೈಲ್ ಡೇಟಾದಲ್ಲಿ ಒಪ್ಪಿಗೆ ಕೊಟ್ಟಿಲ್ಲದಿದ್ದರೆ ವೈಫೈ ಇರಬೇಕು. ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ವೈಫೈಯೇ ಕಾಣದ ಫೋನಿನಲ್ಲಿ ಇದು ಒಮ್ಮೆಯೂ ನಡೆದಿರದೆ ಇರಬಹುದು. ಇದನ್ನೇ ನೆಚ್ಚಿಕೊಳ್ಳಬೇಡಿ.

ಫೈಲ್ ಇದೆ, ಗಾತ್ರ ಸೊನ್ನೆ ಅಥವಾ ಅರ್ಧಕ್ಕೆ ನಿಂತಿದೆ

ಹಳೆ ಫೈಲನ್ನು ತೆರೆದು ಅದರ ಮೇಲೇ ಬರೆಯುವ ಆಪ್, ತೆರೆದ ಕ್ಷಣವೇ ಹಳೆಯದನ್ನು ಸೊನ್ನೆ ಮಾಡುತ್ತದೆ. ಆಮೇಲೆ ಹೊಸದನ್ನು ತುಂಬುತ್ತದೆ. ಈ ಎರಡರ ನಡುವೆ ಬ್ಯಾಟರಿ ಸತ್ತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಫೈಲ್‌ನ ನಕಲೊಂದನ್ನು ಮಾಡಿ, ನಕಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಫೈಲ್) ಆದರೆ ಕೊನೆಯ ಅರ್ಧ ಸಾಲು ಅಳಿಸಿದರೆ ಸಾಕು, ಉಳಿದದ್ದೆಲ್ಲ ಓದುತ್ತದೆ. ಜೇಸನ್ (ದಾಖಲೆಗಳನ್ನು ಕಂಸದೊಳಗೆ ಇಡುವ ಫೈಲ್) ಆದರೆ ಕೊನೆಯಲ್ಲಿ ಮುಚ್ಚುವ ಕಂಸ ಇದೆಯೇ ನೋಡಿ. ಇಲ್ಲದಿದ್ದರೆ ಅರ್ಧಕ್ಕೆ ನಿಂತ ಕೊನೆಯ ದಾಖಲೆಯನ್ನು ಅದರ ಹಿಂದಿನ ಅಲ್ಪವಿರಾಮದ ಸಮೇತ ಕತ್ತರಿಸಿ, ಕಂಸಗಳನ್ನು ಮುಚ್ಚಿ. ಹಾಗೆ ಮಾಡಿದರೆ ಹೋಗುವುದು ಒಂದೇ ದಾಖಲೆ. ಸೆಟ್ಟಿಂಗ್‌ಗಳ ಶೇರ್ಡ್ ಪ್ರಿಫರೆನ್ಸಸ್ ಫೈಲ್ ಕೆಟ್ಟಿದ್ದರೆ ಪಕ್ಕದಲ್ಲೇ ಬಿಎಕೆ ಬಾಲದ ಫೈಲ್ ಇದೆಯೇ ನೋಡಿ, ಅದು ಹಿಂದಿನ ಸರಿಯಾದ ಪ್ರತಿ.

ಶಾಶ್ವತ ಪರಿಹಾರ: ಬೇರೆ ಹೆಸರಿನಲ್ಲಿ ತಾತ್ಕಾಲಿಕ ಫೈಲ್ ಬರೆಯುವುದು, ಸಿಂಕ್ ಮಾಡಿ ಡಿಸ್ಕ್‌ಗೆ ಇಳಿದದ್ದನ್ನು ಖಚಿತಪಡಿಸಿಕೊಳ್ಳುವುದು, ಕಡೆಗೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರುವುದು. ಆಂಡ್ರಾಯ್ಡ್‌ನ ಅಟಾಮಿಕ್‌ಫೈಲ್ ಕ್ಲಾಸ್ ಇದನ್ನೇ ಮಾಡಿಕೊಡುತ್ತದೆ. ಫೈಲ್‌ನ ನಡುವೆ ಎರಡು ದಾಖಲೆ ಒಂದರೊಳಗೊಂದು ಹೆಣೆದುಕೊಂಡಿದ್ದರೆ ಅದು ಬ್ಯಾಟರಿಯ ತಪ್ಪಲ್ಲ. ಆಟೊಸೇವ್ ಮತ್ತು ಸೇವ್ ಗುಂಡಿ ಒಟ್ಟಿಗೇ ಬರೆದಿವೆ. ಬರೆಯುವ ಕೆಲಸವನ್ನೆಲ್ಲ ಒಂದೇ ಸರತಿಗೆ ತನ್ನಿ.

ಕನ್ನಡ ಹೆಸರುಗಳೆಲ್ಲ ಕಲಸಿಹೋಗಿವೆ

ಇಲ್ಲಿ ಗಾಬರಿಯಾಗಿ ಮತ್ತೆ ಸೇವ್ ಮಾಡುವುದೇ ದೊಡ್ಡ ಅಪಾಯ. ಮೊದಲು ಕಲಸಿಹೋದದ್ದು ಯಾವ ಬಗೆಯದು ಎಂದು ಕಣ್ಣಿಟ್ಟು ನೋಡಿ. ಬಗೆ ತಿಳಿದರೆ ಡೇಟಾ ಉಳಿದಿದೆಯೇ ಇಲ್ಲವೇ ಎಂದು ಅಲ್ಲೇ ಹೇಳಬಹುದು.

ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ, ಡೇಟಾ ಸರಿಯಾಗಿದೆ. ಬೇರೆ ಫೋನಿನಲ್ಲಿ ತೆರೆದು ನೋಡಿ.

ತಲೆಯ ಮೇಲೆ ಗೀಟಿರುವ ಇಂಗ್ಲಿಷ್ "ಎ" ಅಕ್ಷರ, ಅದರ ಪಕ್ಕ ಮೇಲಕ್ಕೆತ್ತಿದ ಪುಟ್ಟ 2 ಅಥವಾ 3, ಹೀಗೆ ಸಾಲುಸಾಲಾಗಿ ಬಂದರೆ ಯುಟಿಎಫ್-8 ಫೈಲನ್ನು ವಿಂಡೋಸ್‌ನ ಹಳೆ ಸಂಕೇತಕ್ರಮವೆಂದು ತಿಳಿದು ತೆರೆದಿದ್ದೀರಿ. ಕನ್ನಡದ ಪ್ರತಿ ಸಂಕೇತದ ಮೊದಲ ಎರಡು ಬೈಟ್‌ಗಳು ಹೀಗೇ ಕಾಣುತ್ತವೆ. 2 ಅಥವಾ 3ರ ಬದಲು ಡಿಗ್ರಿಯ ಸೊನ್ನೆಯೋ ಕೂಡು-ಕಳೆ ಗುರುತೋ ಇದ್ದರೆ ಆ ಹೆಸರು ತೆಲುಗು ಲಿಪಿಯಲ್ಲಿದೆ. ಗಡಿಭಾಗದ ಪಟ್ಟಿಗಳಲ್ಲಿ ಎರಡೂ ಬೆರೆತಿರುವುದರಿಂದ ಈ ಗುರುತು ಉಪಯೋಗಕ್ಕೆ ಬರುತ್ತದೆ. ಡೇಟಾ ಪೂರ್ತಿ ಸರಿಯಾಗಿದೆ. ಎಕ್ಸೆಲ್‌ನಲ್ಲಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡದೆ, ಡೇಟಾ ಮೆನುವಿನ ಫ್ರಮ್ ಟೆಕ್ಸ್ಟ್ ಮೂಲಕ ತಂದು 65001 ಯುಟಿಎಫ್-8 ಆರಿಸಿ. ಆಪ್ ಬರೆಯುವವರು ಸಿಎಸ್‌ವಿ ಶುರುವಿನಲ್ಲಿ ಬಾಮ್ ಎಂಬ 3 ಬೈಟ್ ಗುರುತು ಸೇರಿಸಿದರೆ ಎಕ್ಸೆಲ್ ತಾನೇ ಗುರುತಿಸುತ್ತದೆ. ಆದರೆ ಅದೇ ಫೈಲನ್ನು ಆಪ್ ಮತ್ತೆ ಓದುವಾಗ ಆ 3 ಬೈಟ್ ತೆಗೆಯಬೇಕು. ಇಲ್ಲದಿದ್ದರೆ ಮೊದಲ ಕಾಲಂನ ಹೆಸರು ಹೊಂದದೆ "ಹೆಸರಿನ ಕಾಲಂ ಇಲ್ಲ" ಎಂಬ ವಿಚಿತ್ರ ದೋಷ ಬರುತ್ತದೆ.

ಅಕ್ಷರವಿದ್ದ ಕಡೆಯಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಆ ಫೈಲ್‌ನಲ್ಲಿ ಕನ್ನಡ ಇಲ್ಲವೇ ಇಲ್ಲ. ಯಾರೋ ಕನ್ನಡ ಹಿಡಿಸದ ಸಂಕೇತಕ್ರಮದಲ್ಲಿ ಸೇವ್ ಮಾಡಿದ್ದಾರೆ. ಇದನ್ನು ತಿರುಗಿಸಲಾಗದು. ಫೋನಿನಲ್ಲಿರುವ ಮೂಲ ಪ್ರತಿಯಿಂದ ಮತ್ತೆ ತೆಗೆಯಬೇಕು.

ಎಲ್ಲ ಸರಿಯಿದ್ದು ಅಲ್ಲೊಂದು ಇಲ್ಲೊಂದು ಕರಿ ವಜ್ರದೊಳಗೆ ಪ್ರಶ್ನಾರ್ಥಕ ಕಂಡರೆ ಅದು ಓದುವ ಕೋಡ್‌ನ ದೋಷ. ಫೈಲನ್ನು 1024 ಬೈಟ್‌ಗಳ ತುಂಡುಗಳಾಗಿ ಓದಿ ಒಂದೊಂದನ್ನೇ ಅಕ್ಷರಕ್ಕೆ ತಿರುಗಿಸುತ್ತಿರುತ್ತಾರೆ. 1024 ಮೂರರಿಂದ ಸರಿಯಾಗಿ ಭಾಗವಾಗದು, 1 ಉಳಿಯುತ್ತದೆ. ತುಂಡಿನ ಅಂಚಿನಲ್ಲಿ ಬಿದ್ದ ಅಕ್ಷರ ಎರಡಾಗಿ ಸೀಳುತ್ತದೆ. ಇಂಗ್ಲಿಷ್ ಡೇಟಾ ಹಾಕಿ ಪರೀಕ್ಷಿಸಿದವರಿಗೆ ಇದು ಎಂದೂ ಕಾಣಿಸುವುದಿಲ್ಲ. ಬೈಟ್‌ಗಳ ಬದಲು ಸಂಕೇತಕ್ರಮ ತಿಳಿಸಿದ ರೀಡರ್ ಮೂಲಕ ಓದಿ.

ಪೂರ್ತಿ ಇಂಗ್ಲಿಷ್ ಅಕ್ಷರಗಳೂ ಗೀಟುಗಳೂ ಬೆರೆತು, ಮೇಲಿನ ಯಾವ ಬಗೆಗೂ ಹೊಂದದಿದ್ದರೆ, ಆ ಪಟ್ಟಿ ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆಗಿದೆ. ಸಂಘದ ಕಂಪ್ಯೂಟರ್‌ನಿಂದ ತಂದ ಸದಸ್ಯರ ಪಟ್ಟಿಗಳಲ್ಲಿ ಇದು ಮಾಮೂಲು. ಪರಿವರ್ತಕದಲ್ಲಿ ಯುನಿಕೋಡ್‌ಗೆ ತಿರುಗಿಸಿ, ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಿನಿಂದ ನೋಡಿ, ಆಮೇಲಷ್ಟೇ ಆಪ್‌ಗೆ ಹಾಕಿ.

ಹೆಸರು ಕಣ್ಣೆದುರೇ ಇದೆ, ಹುಡುಕಿದರೆ ಸಿಗುವುದಿಲ್ಲ

"ಕೋಲಾರ" ಎಂಬ ಪದವನ್ನೇ ತೆಗೆದುಕೊಳ್ಳಿ. ಫೋನಿನ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದರೆ ಓಕಾರದ ಗುಣಿತ ಒಂದೇ ಸಂಕೇತ. ಒಟ್ಟು 5 ಸಂಕೇತ, 15 ಬೈಟ್. ಅದೇ ಗುಣಿತವನ್ನು ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು, ಯುನಿಕೋಡ್‌ನಲ್ಲಿ ಎರಡೂ ಸಮ. ಆಗ 7 ಸಂಕೇತ, 21 ಬೈಟ್. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಹೋಲಿಸುವ ಕೋಡ್‌ಗೆ ಮಾತ್ರ ಇವು ಎರಡು ಬೇರೆ ಊರು. ಒಬ್ಬನೇ ರೈತನ ಖಾತೆ ಎರಡಾಗಿ ಒಡೆದು, ಅರ್ಧ ಬಾಕ್ಸ್ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಕೂರುವುದು ಹೀಗೆ. ಒತ್ತು ಆಗದಂತೆ ತಡೆಯಲು ನಡುವೆ ಬೀಳುವ ಕಾಣದ ಸಂಕೇತವೂ ಇದೇ ತೊಂದರೆ ಕೊಡುತ್ತದೆ.

ಪರೀಕ್ಷೆ: ಎರಡೂ ಹೆಸರುಗಳ ಉದ್ದವನ್ನು ಕೋಡ್‌ನಲ್ಲಿ ಅಳೆದು ನೋಡಿ. ಸಂಖ್ಯೆ ಬೇರೆಯಾದರೆ ಕಾರಣ ಸಿಕ್ಕಿತು. ಉಳಿಸುವ ಮೊದಲೂ ಹುಡುಕುವ ಮೊದಲೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿದ ಸಂಕೇತಗಳನ್ನು ಒಂದಾಗಿ ಕೂಡಿಸುವ ಯುನಿಕೋಡ್ ರೂಪ) ತನ್ನಿ. ಆ ಕಾಣದ ಸಂಕೇತ ಎನ್‌ಎಫ್‌ಸಿ ಮಾಡಿದರೂ ಅಳಿಯುವುದಿಲ್ಲ, ಹೋಲಿಕೆಗೆಂದು ಇಟ್ಟ ಪ್ರತಿಯಿಂದ ಬೇರೆಯಾಗಿ ತೆಗೆಯಬೇಕು. ತೋರಿಸುವ ಪ್ರತಿಯಿಂದ ತೆಗೆಯಬೇಡಿ, ಹೆಸರಿನ ರೂಪ ಕೆಡುತ್ತದೆ. ರೈತನಿಗೆ ಒಂದು ಸಂಖ್ಯೆ ಕೊಟ್ಟು ಖಾತೆಯನ್ನು ಅದಕ್ಕೆ ಕಟ್ಟುವುದು ಇನ್ನೂ ಒಳ್ಳೆಯದು.

ಸಂಖ್ಯೆ ಓದುವಾಗ ಆಪ್ ಮುಚ್ಚಿಕೊಳ್ಳುತ್ತದೆ, ಅಥವಾ ಮೊತ್ತ ತಪ್ಪು

ಕೆಲವರು ಕನ್ನಡ ಕೀಬೋರ್ಡ್‌ನಲ್ಲೇ ೧೫ ಎಂದು ಒತ್ತುತ್ತಾರೆ. ಜಾವಾ, ಕೋಟ್ಲಿನ್‌ನಲ್ಲಿ ಪೂರ್ಣಾಂಕ ಓದುವ ಕ್ರಿಯೆ ಕನ್ನಡ ಅಂಕಿಯನ್ನು ಒಪ್ಪುತ್ತದೆ, ದಶಮಾಂಶ ಓದುವ ಕ್ರಿಯೆ ಒಪ್ಪದೆ ದೋಷ ಎಸೆಯುತ್ತದೆ. ಅದಕ್ಕೇ ಬಾಕ್ಸ್ ಸಂಖ್ಯೆಗೆ ಸುಮ್ಮನಿದ್ದ ಆಪ್, ತೂಕಕ್ಕೋ ಹಾಲಿನ ಫ್ಯಾಟ್‌ಗೋ ಬಂದಾಗ ಬೀಳುತ್ತದೆ. ಉಳಿಸುವ ಮುನ್ನವೇ ಅಂಕಿಗಳನ್ನು ಒಂದೇ ಬಗೆಗೆ ತಿರುಗಿಸಿ.

ಕಾಲಂಗಳು ಒಂದು ಮನೆ ಪಕ್ಕಕ್ಕೆ ಸರಿದಿದ್ದರೆ "1,25,000" ಅಥವಾ "ಬೇತಮಂಗಲ, ಕೆಜಿಎಫ್" ಎಂಬಲ್ಲಿನ ಅಲ್ಪವಿರಾಮ ಕಾರಣ. ಅಂಥ ಮನೆಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ದುಡ್ಡನ್ನು ದಶಮಾಂಶವಾಗಿಡದೆ ಪೈಸೆಯ ಪೂರ್ಣಾಂಕವಾಗಿ ಇಡಿ, ಕೂಡುವಾಗ ಪೈಸೆ ಜಾರುವುದಿಲ್ಲ.

ಬ್ಯಾಂಕ್ ಖಾತೆ ಸಂಖ್ಯೆ ಇರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಸೇವ್ ಮಾಡಿದ್ದಾರೆಯೇ ಎಂದು ತಪ್ಪದೆ ಕೇಳಿ. ಎಕ್ಸೆಲ್ 15 ಅಂಕಿಗಳಷ್ಟನ್ನೇ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆಯ ಕೊನೆಯದು ಸೊನ್ನೆಯಾಗುತ್ತದೆ, ಸಂಖ್ಯೆಯ ಮೊದಲಲ್ಲಿರುವ ಸೊನ್ನೆಗಳು ಉದುರುತ್ತವೆ. ಆ ಫೈಲಿನಿಂದ ಯಾರಿಗೂ ಹಣ ಹಾಕಬೇಡಿ.

ಬ್ಯಾಕಪ್ ಹಾಕಿದರೆ ಕಡೆಯ ದಿನಗಳ ಎಂಟ್ರಿ ಇಲ್ಲ

ಎಸ್‌ಕ್ಯುಎಲೈಟ್ ಡೇಟಾಬೇಸ್ ಒಂದೇ ಫೈಲ್ ಎಂದುಕೊಂಡು ಅದೊಂದನ್ನೇ ನಕಲು ಮಾಡಿರುತ್ತಾರೆ. ರೂಮ್ ಬಳಸಿದ ಆಪ್‌ಗಳಲ್ಲಿ ಸಾಮಾನ್ಯವಾಗಿ ಡಬ್ಲ್ಯುಎಎಲ್ ಕ್ರಮ ಚಾಲ್ತಿಯಲ್ಲಿರುತ್ತದೆ. ಹೊಸ ಎಂಟ್ರಿಗಳು ಮೊದಲು ಅದೇ ಹೆಸರಿನ, ಡಬ್ಲ್ಯುಎಎಲ್ ಬಾಲದ ಫೈಲ್‌ಗೆ ಹೋಗಿ, ಆಮೇಲೆ ಮುಖ್ಯ ಫೈಲ್‌ಗೆ ಸೇರುತ್ತವೆ. ಸೇರುವ ಮೊದಲೇ ಮುಖ್ಯ ಫೈಲ್ ಮಾತ್ರ ಎತ್ತಿಕೊಂಡರೆ ಹೊಸದು ಹಿಂದೆ ಉಳಿಯುತ್ತದೆ. ಹಳೆ ಫೋನ್ ಇನ್ನೂ ಕೈಯಲ್ಲಿದ್ದರೆ ಆ ಎಂಟ್ರಿಗಳು ಅಲ್ಲೇ ಇವೆ.

ಬ್ಯಾಕಪ್‌ಗೆ ಮೊದಲು ಡಬ್ಲ್ಯುಎಎಲ್ ಚೆಕ್‌ಪಾಯಿಂಟ್ ಪ್ರಾಗ್ಮಾವನ್ನು ಟ್ರಂಕೇಟ್ ಜೊತೆ ಓಡಿಸಿ, ಡೇಟಾಬೇಸ್ ಮುಚ್ಚಿ, ನಂತರ ನಕಲು ಮಾಡಿ. ಆಂಡ್ರಾಯ್ಡ್ 11 ಮತ್ತು ಮೇಲಿನದಾದರೆ ವ್ಯಾಕ್ಯೂಮ್ ಇಂಟೂ ಆದೇಶ ಒಂದೇ ಅಚ್ಚುಕಟ್ಟಾದ ಫೈಲ್ ಕೊಡುತ್ತದೆ. ಮರಳಿ ಹಾಕುವಾಗ ಎಚ್ಚರ: ಆಪ್ ಪೂರ್ತಿ ನಿಲ್ಲಿಸಿ, ಹಳೆಯ (ಮುಖ್ಯ, ಡಬ್ಲ್ಯುಎಎಲ್, ಎಸ್‌ಎಚ್‌ಎಂ) ಮೂರೂ ಫೈಲ್‌ಗಳನ್ನು ಬೇರೆ ಕಡೆ ಸರಿಸಿ, ಆಮೇಲೆ ಬ್ಯಾಕಪ್ ಇಡಿ. ಹಳೆ ಡಬ್ಲ್ಯುಎಎಲ್ ಫೈಲ್ ಪಕ್ಕದಲ್ಲಿ ಬೇರೊಂದು ಡೇಟಾಬೇಸ್ ಇಟ್ಟರೆ ಎರಡೂ ಕೆಡಬಹುದು.

ಐಫೋನ್‌ನಲ್ಲಿ ಅಪ್‌ಡೇಟ್ ಆದ ಮೇಲೆ ಫೈಲ್ ಸಿಗುತ್ತಿಲ್ಲ

ಆಪ್ ಫೈಲ್‌ನ ಪೂರ್ಣ ದಾರಿಯನ್ನು ಬರೆದಿಟ್ಟುಕೊಂಡಿದೆ. ಅಪ್‌ಡೇಟ್ ಆದಾಗ ಆಪ್‌ನ ಫೋಲ್ಡರ್ ದಾರಿ ಬದಲಾಗಬಹುದು. ಫೈಲ್ ಡಾಕ್ಯುಮೆಂಟ್ಸ್‌ನಲ್ಲೇ ಇರುತ್ತದೆ. ಹೆಸರನ್ನಷ್ಟೇ ಉಳಿಸಿ, ದಾರಿಯನ್ನು ಪ್ರತಿಸಲ ಹೊಸದಾಗಿ ಕೇಳಿ. ಟೆಂಪ್ ಮತ್ತು ಕ್ಯಾಶಸ್‌ನಲ್ಲಿ ಲೆಕ್ಕ ಇಡಬೇಡಿ.

"ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್"

ಈ ಸಾಲು ಕಂಡರೆ ಆಪ್ ಮತ್ತೆ ತೆರೆಯಬೇಡಿ. ಆಂಡ್ರಾಯ್ಡ್‌ನ ಡಿಫಾಲ್ಟ್ ವ್ಯವಸ್ಥೆ, ಡೇಟಾಬೇಸ್ ಕೆಟ್ಟಿದೆ ಎಂದು ಕಂಡ ತಕ್ಷಣ ಆ ಫೈಲನ್ನೇ ಅಳಿಸಿ ಹೊಸದನ್ನು ಮಾಡುತ್ತದೆ. ಆಪ್ ಬರೆಯುವವರಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ. ಕರಪ್ಷನ್ ಹ್ಯಾಂಡ್ಲರ್ ಬರೆದು, ಅಳಿಸುವ ಮೊದಲು ಫೈಲನ್ನು ಬೇರೆ ಹೆಸರಿಗೆ ನಕಲಿಸುವ ನಾಲ್ಕು ಸಾಲು ಮೊದಲೇ ಸೇರಿಸಿದ್ದರೆ ಇಲ್ಲಿ ಲೆಕ್ಕ ಉಳಿಯುತ್ತದೆ.

ಬಳಕೆದಾರರು ಇಲ್ಲಿಗೆ ನಿಲ್ಲಿಸಿ ಆಪ್ ಬರೆದವರನ್ನು ಕರೆಯಬೇಕು. ಫೋನ್ ಅವರ ಕೈಗೇ ಹೋಗಬೇಕು, ಅಂಗಡಿಗೆ ಕೊಟ್ಟು ಸಾಫ್ಟ್‌ವೇರ್ ಹಾಕಿಸಬೇಡಿ. ಬರೆದವರು ಅದೇ ಸೈನಿಂಗ್ ಕೀ ಬಳಸಿ, ಅದೇ ಅಥವಾ ಹೆಚ್ಚಿನ ಆವೃತ್ತಿ ಸಂಖ್ಯೆಯೊಂದಿಗೆ, ಡಿಬಗ್ಗಬಲ್ ಆನ್ ಮಾಡಿದ ಎಪಿಕೆ ಕಟ್ಟಿ ಇರುವ ಆಪ್ ಮೇಲೇ ಹಾಕಿದರೆ ಎಡಿಬಿಯ (ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಸಾಧನ) ರನ್-ಆಸ್ ಮೂಲಕ ಒಳಮನೆಯ ಫೈಲ್‌ಗಳು ಸಿಗುತ್ತವೆ, ರೂಟ್ ಬೇಕಿಲ್ಲ. ಆಂಡ್ರಾಯ್ಡ್ ಸ್ಟುಡಿಯೊ "ಸಹಿ ಹೊಂದುತ್ತಿಲ್ಲ, ಹಳೆಯದನ್ನು ತೆಗೆದು ಹಾಕಲೇ?" ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ, ಕೀ ತಪ್ಪಾಗಿದೆ. ಎಪಿಕೆ ಹಾಕಿದ ಮೇಲೂ ಆಪ್ ತೆರೆಯದೆ, ಡೇಟಾಬೇಸ್‌ನ ಮೂರೂ ಫೈಲ್‌ಗಳನ್ನು ಕಂಪ್ಯೂಟರ್‌ಗೆ ತನ್ನಿ.

ಅಲ್ಲಿ ಒಂದು ನಕಲಿನ ಮೇಲೆ ಇಂಟೆಗ್ರಿಟಿ ಚೆಕ್ ಓಡಿಸಿ. ಇಂಡೆಕ್ಸ್‌ನದ್ದಷ್ಟೇ ದೋಷವಾದರೆ ರೀಇಂಡೆಕ್ಸ್ ಸಾಕು. ಕೋಷ್ಟಕದ ಪುಟಗಳೇ ಕೆಟ್ಟಿದ್ದರೆ ಎಸ್‌ಕ್ಯುಎಲೈಟ್ ಕಮಾಂಡ್ ಲೈನ್‌ನ ರಿಕವರ್ ಆದೇಶದಿಂದ ಸಿಕ್ಕಷ್ಟನ್ನು ಹೊಸ ಫೈಲ್‌ಗೆ ಇಳಿಸಿ. ಇಳಿದ ಸಾಲುಗಳನ್ನು ಆ ದಿನಗಳ ಕಾಗದದ ಚೀಟಿ ಮತ್ತು ರೈತರ ಕೈಯಲ್ಲಿರುವ ಪಟ್ಟಿಯೊಂದಿಗೆ ತಾಳೆ ನೋಡಬೇಕು: ಬಾಕ್ಸ್, ದರ, ಮೊತ್ತ ಮೂರೂ. ತಾಳೆಯಾಗದ ಸಾಲನ್ನು ಊಹಿಸಿ ತುಂಬದೆ, ಆ ರೈತನನ್ನು ಕೂರಿಸಿಕೊಂಡು ಕೇಳಿ ಬರೆಯಿರಿ. ಫೋನ್ ಆನ್ ಆಗುತ್ತಲೇ ಇಲ್ಲ, ನೀರು ಬಿದ್ದಿದೆ ಎಂದಾದರೆ ಚಾರ್ಜರ್ ಹಾಕಿ ಪ್ರಯತ್ನಿಸಬೇಡಿ. ಬೋರ್ಡ್ ದುರಸ್ತಿ ಮಾಡುವವರಲ್ಲಿಗೆ ಹಾಗೇ ಒಯ್ದು, ರೀಸೆಟ್ ಮಾಡಬಾರದು, ಡೇಟಾ ಬೇಕು ಎಂದು ಮೊದಲೇ ಹೇಳಿ ಕೊಡಿ.